ಮರವಿಲ್ಲದ ನಾಡಿನಲ್ಲಿ ಮರದ ನೆಲ

ವಿಜಯಪುರ ಜಿಲ್ಲೆಯ ಭೂಪ್ರದೇಶದಲ್ಲಿ ನೂರಕ್ಕೆ ಒಂದು ಪಾಲೂ ಅರಣ್ಯವಿಲ್ಲ. ಇಂಥ ಕಡೆ ಮನೆಯ ನೆಲಕ್ಕೆ ಕಟ್ಟಿಗೆ ಹಾಸುವುದು ಪರಿಸರಕ್ಕೆ ಒಳ್ಳೆಯದೆಂದರೆ ಯಾರಾದರೂ ಹುಬ್ಬೇರಿಸುತ್ತಾರೆ. ಮರ ಕಡಿಯುವುದೇ ತಪ್ಪು ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿ. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಕಡಿದದ್ದು ಯಾವ ಮರ, ಅದರಿಂದ ಎಷ್ಟು ನೆಲ ಆಯಿತು, ಅದನ್ನು ಹಾಸದಿದ್ದರೆ ಬದಲಿಗೆ ಏನು ಹಾಸುತ್ತಿದ್ದೆವು? ಇವಕ್ಕೆ ಸಿಗುವ ಉತ್ತರಗಳನ್ನು ನೋಡಿದರೆ ಎಂಜಿನಿಯರ್ಡ್ ವುಡ್ ನೆಲಹಾಸಿನ ಪರವಾಗಿ ಮಾತಾಡಲು ಸಾಕಷ್ಟು ಕಾರಣಗಳಿವೆ; ಆದರೆ ಕೆಲವು ಷರತ್ತುಗಳೂ ಇವೆ.

ಅಖಂಡ ಸಾಗವಾನಿ ಹಲಗೆ ಹಾಸುವುದಾದರೆ ಸುಮಾರು 20 ಮಿಲಿಮೀಟರ್ ದಪ್ಪವೆಲ್ಲ ಬೆಲೆಬಾಳುವ ಮರವೇ ಆಗಬೇಕು. ಕಾಲಿಗೆ ತಾಗುವುದು, ಕಣ್ಣಿಗೆ ಕಾಣುವುದು ಮೇಲ್ಮೈ ಮಾತ್ರ. ಎಂಜಿನಿಯರ್ಡ್ ಹಲಗೆಯಲ್ಲಿ ಸಾಗವಾನಿಯೋ ಓಕೋ ಮೇಲಿನ ಎರಡರಿಂದ ಆರು ಮಿಲಿಮೀಟರ್‌ಗೆ ಮುಗಿಯುತ್ತದೆ. ಅದರ ಕೆಳಗೆ ಬೇಗ ಬೆಳೆಯುವ ಅಗ್ಗದ ಮರದ ತೆಳು ಪದರಗಳನ್ನು, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹೀಗಾಗಿ ನೂರಾರು ವರ್ಷ ಬಾಳಬಲ್ಲ ಮರದ ಒಂದೇ ದಿಮ್ಮಿ ಹಲವು ಪಟ್ಟು ಹೆಚ್ಚು ನೆಲಕ್ಕೆ ಒದಗುತ್ತದೆ. ಎಳೆಗಳು ಅಡ್ಡಡ್ಡ ಇರುವುದರಿಂದ ಮತ್ತೊಂದು ಲಾಭವೂ ಇದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು, ಅದರ ಬೆನ್ನಿಗೇ ಮಳೆಗಾಲದ ತೇವ ಕಾಣುವ ಈ ಜಿಲ್ಲೆಯಲ್ಲಿ ಅಖಂಡ ಹಲಗೆ ಸೀಳುತ್ತದೆ, ಡೊಂಕಾಗುತ್ತದೆ. ಪದರದ ಹಲಗೆಯಲ್ಲಿ ಒಂದು ಪದರ ಒಂದು ದಿಕ್ಕಿಗೆ ಹಿಗ್ಗಲು ಹೊರಟರೆ ಪಕ್ಕದ ಪದರ ತಡೆಯುತ್ತದೆ. ಬಾಳಿಕೆ ಹೆಚ್ಚಿದಷ್ಟೂ ಮತ್ತೆ ಮರ ಬೇಡುವುದು ತಡವಾಗುತ್ತದೆ.

ಇನ್ನು ಬದಲಿಗೆ ಏನು ಎಂಬ ಪ್ರಶ್ನೆ. ಇಂದು ನಗರದ ಹೊಸ ಮನೆಗಳಿಗೆ ಬರುವುದು ಹೆಚ್ಚಾಗಿ ವಿಟ್ರಿಫೈಡ್ ಟೈಲ್ಸ್. ಅವುಗಳ ದೊಡ್ಡ ಕೇಂದ್ರ ಗುಜರಾತಿನ ಮೋರ್ಬಿ. ಅಲ್ಲಿ ಮಣ್ಣನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಸಾಗಿಸಿ, ಇಲ್ಲಿ ಸಿಮೆಂಟ್ ಹಾಕಿ ಕೂಡಿಸುತ್ತಾರೆ. ಮರವಾದರೆ ಬೆಳೆಯುವುದೇ ಬಿಸಿಲಿನ ಬಲದಿಂದ. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ; ಗಾಳಿಯಿಂದ ಹೀರಿದ ಆ ಇಂಗಾಲ ಹಲಗೆ ಸುಡದೆ, ಕೊಳೆಯದೆ ಇರುವಷ್ಟು ಕಾಲ ನಮ್ಮ ಕಾಲ ಕೆಳಗೇ ಉಳಿಯುತ್ತದೆ. ಆದರೆ ಶಹಾಬಾದಿನ ಪರ್ಸಿ, ನಮ್ಮದೇ ತಾಳಿಕೋಟಿಯ ಸುಣ್ಣದ ಕಲ್ಲಿನ ಮಾತು ಬೇರೆ. ಅವು ಪದರು ಪದರಾಗಿ ಏಳುವ ಕಲ್ಲುಗಳು, ಸುಡುವ ಗೊಡವೆಯಿಲ್ಲ, ದೂರದಿಂದ ತರಬೇಕಿಲ್ಲ, ಬೇಸಿಗೆಯಲ್ಲಿ ತಂಪು. ಆ ಕಲ್ಲನ್ನು ಮರ ಸೋಲಿಸುತ್ತದೆಂದು ನಾನು ಹೇಳಲಾರೆ. ಮರದ ಹೋಲಿಕೆ ಟೈಲ್ಸ್ ಜೊತೆ ಮತ್ತು ಅಖಂಡ ಸಾಗವಾನಿ ಜೊತೆ.

ಹಲಗೆಯೂ ದೂರದಿಂದಲೇ ಬರುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಉತ್ತರ ಹೊಲದಲ್ಲಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಕಾಡಿನ ಮರಕ್ಕೆ ಬಿಗಿ ಲಗಾಮು ಹಾಕಿತು. ಅಲ್ಲಿಂದ ಪ್ಲೈವುಡ್ ಉದ್ಯಮ ರೈತರ ಮರದ ಕಡೆಗೆ ಹೊರಳಿತು. ಹರಿಯಾಣದ ಯಮುನಾನಗರದ ಕಾರ್ಖಾನೆಗಳಿಗೆ ಹೊಲದ ಪಾಪ್ಲರ್ ಮರವೇ ಆಧಾರವಾಯಿತು. ಕರ್ನಾಟಕದಲ್ಲಿ ಆ ಜಾಗದಲ್ಲಿ ನಿಲ್ಲಬಲ್ಲದ್ದು ಆರೆಂಟು ವರ್ಷಕ್ಕೆ ಪ್ಲೈವುಡ್ ಪದರ ಕೊಡುವ ಹೆಬ್ಬೇವು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕಂಡ ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ದ್ರಾಕ್ಷಿಯ ಜೊತೆ ಬದುವಿನ ಮೇಲೆ ಒಂದು ಸಾಲು ಹೆಬ್ಬೇವಿಗೆ ಜಾಗವಿದೆ. ನೀರು ನಿಲ್ಲುವ ಡೋಣಿ ಹೊಳೆ ಸಾಲಿನ ಎರಿ ಭೂಮಿಗೆ ಅದು ಒಗ್ಗದು, ಮಸಾರಿಗೆ ಒಗ್ಗುತ್ತದೆ. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನ ಜಿಲ್ಲೆಯಲ್ಲಿ ಗಿಡ ನೆಡುವ ಹುರುಪು ತಂದಿತು. ನೆಟ್ಟ ಮರಕ್ಕೆ ಬೆಲೆ ಸಿಗುವ ದಾರಿಯಿದ್ದರೆ ರೈತ ಒಂದನ್ನು ಕಡಿದು ಎರಡು ನೆಡುತ್ತಾನೆ. ಅದಕ್ಕೇ ಹಲಗೆಗೆ ಬೇಡಿಕೆ ಇರುವುದು ಮರಗಳಿಗೆ ಕೇಡಲ್ಲ.

ಅಂಟಿನ ವಿಷಯ ದೂರದ ಆಕ್ಷೇಪಕ್ಕಿಂತ ಗಂಭೀರ. ಪದರಗಳನ್ನು ಕೂಡಿಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಸೂಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಹೊರಸೂಸುವಿಕೆ ಕಡಿಮೆಯಿರುವ ಇ–0, ಇ–1 ದರ್ಜೆಯ ಹಲಗೆಗಳಿವೆ, ಅವಕ್ಕಿಂತ ಕೆಳಗಿನದು ಬೇಡವೇ ಬೇಡ. ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆಯುವ ಅಡುಗೆಮನೆ, ಬಚ್ಚಲಿಗೆ ಈ ನೆಲ ಸಲ್ಲದು. ಗೆದ್ದಲಿನ ಭಯ ಇರುವಲ್ಲಿ ಅಡಿಪಾಯದಲ್ಲೇ ಔಷಧ ಹಾಕಿಸಬೇಕು.

ಮನೆಯಲ್ಲಿ ಹಳೆಯ ಪರ್ಸಿ ಗಟ್ಟಿಯಾಗಿದ್ದರೆ ದಯವಿಟ್ಟು ಕೀಳಬೇಡಿ, ಅದೇ ಎಲ್ಲಕ್ಕಿಂತ ಹಸಿರು ನೆಲ. ಹೊಸದಾಗಿ ಮರದ ನೆಲ ಹಾಕಿಸುವವರು ಅಂಗಡಿಯಲ್ಲಿ ಮರದ ಚಿತ್ರ ಅಚ್ಚೊತ್ತಿದ ಕಾಗದದ ಲ್ಯಾಮಿನೇಟನ್ನೋ ಪ್ಲಾಸ್ಟಿಕ್ ವಿನೈಲನ್ನೋ ಮರವೆಂದು ಕೊಳ್ಳದೆ, ಹಲಗೆಯ ಅಂಚು ನೋಡಿ ಪದರ ಎಣಿಸಿ. ಮರ ಎಲ್ಲಿ ಬೆಳೆದದ್ದು, ಅಂಟು ಯಾವ ದರ್ಜೆಯದು ಎಂದು ಕೇಳಿ, ಉತ್ತರ ಬರೆದು ಕೊಡಲು ಒಪ್ಪಿದವರಿಂದ ಮಾತ್ರ ಕೊಳ್ಳಿ.