ನಿಮಗಿದು ಗೊತ್ತೆ? ಕಬಡ್ಡಿ ಅಂಕಣದ ಕನ್ನಡಿಗರು

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಆಟಗಾರನಿಗೆ ಪಿಂಚಣಿ ಸಿಗಬೇಕಾದರೆ ಕನಿಷ್ಠ ಮೂರು ಋತು ಆಡಿರಬೇಕು. ಮೈಗೆ ಮೈ ತಾಗಿಸಿ ಆಡುವ ಆ ಆಟದಲ್ಲಿ ಎಷ್ಟೋ ಮಂದಿಯ ವೃತ್ತಿ ಅಷ್ಟರೊಳಗೇ ಮುಗಿದುಹೋಗುತ್ತದೆ.

ಅಷ್ಟೇ ಮೈಕೈ ಜಜ್ಜಿಸಿಕೊಳ್ಳುವ ಕಬಡ್ಡಿಯಲ್ಲಿ ನಮ್ಮವರ ಕೈ ಹಿಡಿದದ್ದು ಕಾಯಂ ನೌಕರಿ. ಕಾರ್ಕಳ ತಾಲ್ಲೂಕು ಹೆರ್ಮುಂಡೆಯ ಮಮತಾ ಪೂಜಾರಿ ದಕ್ಷಿಣ ಮಧ್ಯ ರೈಲ್ವೆ ಸೇರಿದರು. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಮೊದಲು ಕಾಣಿಸಿಕೊಂಡದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ಚಿನ್ನ ಗೆದ್ದ ಭಾರತ ತಂಡದಲ್ಲಿ ಮಮತಾ, ಇನ್ನೊಬ್ಬ ಕನ್ನಡತಿ ತೇಜಸ್ವಿನಿ ಬಾಯಿ ಇಬ್ಬರೂ ಇದ್ದರು. 2012ರಲ್ಲಿ ಪಟ್ನಾದ ವಿಶ್ವಕಪ್ ಗೆದ್ದಾಗ ನಾಯಕಿ ಮಮತಾ! ತೇಜಸ್ವಿನಿಗೆ 2011ರ, ಮಮತಾಗೆ 2014ರ ಅರ್ಜುನ ಪ್ರಶಸ್ತಿ ಸಂದಿತು.

2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಪುರುಷರ ತಂಡದಲ್ಲಿದ್ದ ಬಿ.ಸಿ. ರಮೇಶ್ ಮುಂದೆ ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್, ಪುಣೇರಿ ಪಲ್ಟನ್ ಎರಡಕ್ಕೂ ಪ್ರೊ ಕಬಡ್ಡಿ ಕಿರೀಟ ತೊಡಿಸಿದರು.