ಜಪಾನಿನ ನೆಂಕಿನ್ ನಮ್ಮ ಪಿಎಫ್ ಅಲ್ಲ

ಜಪಾನಿನ ಶಾಲೆಯಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿ ಊರಿಗೆ ಹೊರಟವರಿಗೆ ಪುಕ್ಕಟೆಯಾಗಿ ಸಿಗುವ ಮೊದಲ ಸಲಹೆ ಇದು: “ಪೆನ್ಷನ್‌ಗೆ ಕಟ್ಟಿದ್ದೆಲ್ಲ ವಾಪಸ್ ಬರುತ್ತೆ ಮಾರಾಯ್ರೇ, ಕಂಪನಿ ಪಾಲೂ ಸೇರಿ, ಬಡ್ಡಿ ಸಮೇತ.” ಹೇಳುವವರ ಖಡಾಖಂಡಿತ ದನಿ ಕೇಳಿದರೆ ಸ್ವತಃ ಅರ್ಜಿ ಹಾಕಿ ದುಡ್ಡು ಎಣಿಸಿಕೊಂಡವರೇ ಇರಬೇಕು ಅನ್ನಿಸುತ್ತದೆ. ಕೆದಕಿದರೆ, ಅವರ ಭಾವಮೈದುನನ ರೂಮ್‌ಮೇಟ್ ಯಾರೋ ಹಾಕಿದ್ದನಂತೆ.

ಈ ನಂಬಿಕೆಗೆ ಒಂದು ಕಾಲು ನಮ್ಮ ಪಿಎಫ್ ಮೇಲಿದೆ, ಇನ್ನೊಂದು ಕೊರಿಯಾದಲ್ಲಿ. ಅಲ್ಲಿ ಪಾಠ ಹೇಳಿ ಹೊರಡುವ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೆ ಇಬ್ಬರ ಪಾಲೂ ಬಡ್ಡಿ ಸೇರಿ ಕೈಗೆ ಬರುವುದು ನಿಜ. ಅದೇ ಸ್ಟಾಫ್‌ರೂಮಿನ ಬ್ರಿಟಿಷ್ ಮೇಷ್ಟ್ರಿಗೆ ಬಿಡಿಗಾಸೂ ಸಿಗುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಆದರೆ ಕಥೆಯ ಆ ಅರ್ಧ ಸಮುದ್ರ ದಾಟಿ ಬಂದಿಲ್ಲ.

ನೆಂಕಿನ್, ಅಂದರೆ ಜಪಾನಿನ ನೌಕರರ ಪಿಂಚಣಿ ವಿಮೆಯಲ್ಲಿ ನಿಮ್ಮ ಹೆಸರಿನ ಹುಂಡಿ ಅಂತ ಒಂದಿಲ್ಲ. ನೀವು ಕಟ್ಟಿದ್ದು ಹೆಚ್ಚುಕಮ್ಮಿ ಇವತ್ತಿನ ವೃದ್ಧರ ಪಿಂಚಣಿಗೇ ಹೋಗುತ್ತದೆ. ಅದಕ್ಕೆ ಬದಲಾಗಿ, ಆ ವರ್ಷಗಳಲ್ಲಿ ಕೈಕಾಲು ಊನವಾಗಿದ್ದರೆ ನಿಮಗೆ, ಜೀವವೇ ಹೋಗಿದ್ದರೆ ಮನೆಯವರಿಗೆ ಪಿಂಚಣಿಯ ಆಸರೆ ಇರುತ್ತಿತ್ತು. ದೇಶ ಬಿಟ್ಟು ಹೋಗುವ ವಿದೇಶಿಯರಿಗೆ ಕೊಡುವ ಇಡಿಗಂಟಿಗೆ ಅದರದೇ ಸೂತ್ರವಿದೆ, ಅದರಲ್ಲಿ ಬಡ್ಡಿಯ ಮಾತೇ ಇಲ್ಲ.

ತಿಂಗಳಿಗೆ 3 ಲಕ್ಷ ಯೆನ್ ಸಂಬಳ, ಬೋನಸ್ ಇಲ್ಲ ಅಂದುಕೊಳ್ಳಿ. ವಂತಿಗೆ ಶೇ 18.3. ಅರ್ಧ ಶಾಲೆಯದು, ಅರ್ಧ ನಿಮ್ಮದು. ಅಂದರೆ ನಿಮ್ಮ ಸಂಬಳದಿಂದ ತಿಂಗಳಿಗೆ 27,450 ಯೆನ್ ಕಡಿತ. 36 ತಿಂಗಳಿಗೆ 9,88,200. ಇಡಿಗಂಟು ಎಷ್ಟು? ಸರಾಸರಿ ಸಂಬಳದ 3.3 ಪಟ್ಟು, 9,90,000. ಹೆಚ್ಚೂಕಡಿಮೆ ನಿಮ್ಮದೇ ಪಾಲು. ಶಾಲೆಯ ಪಾಲು ಶಾಲೆಯದೂ ಅಲ್ಲ, ನಿಮ್ಮದೂ ಅಲ್ಲ, ಅದು ಹೋಯಿತು.

ಈ ಲೆಕ್ಕ ಆರಾರು ತಿಂಗಳ ಮೆಟ್ಟಿಲಿನಲ್ಲಿ ಏರುತ್ತದೆ, ಮೋಜು ಇರುವುದು ಇಲ್ಲಿ. 2022ರ ಏಪ್ರಿಲ್ 1ಕ್ಕೆ ಸೇರಿದ ಮೇಷ್ಟ್ರು 2025ರ ಮಾರ್ಚ್ 31ಕ್ಕೆ ಬಿಟ್ಟರೆ 36 ತಿಂಗಳು. ಒಂದು ದಿನದಲ್ಲಿ ಏನು ಮಹಾ ಎಂದು 30ಕ್ಕೇ ಬಿಟ್ಟರೆ ಮಾರ್ಚ್ ತಿಂಗಳೇ ಲೆಕ್ಕದಿಂದ ಹಾರಿ 35 ಆಗುತ್ತದೆ. 35 ಎಂದರೆ ಮೂವತ್ತರ ಮೆಟ್ಟಿಲು: ಸಂಬಳದ 2.7 ಪಟ್ಟು, 8,10,000 ಯೆನ್. ಒಂದೇ ದಿನಕ್ಕೆ 1,80,000 ಯೆನ್ ಕೈಬಿಟ್ಟಿತು. ಒಪ್ಪಂದದ ಕೊನೆಯ ದಿನಾಂಕ ಎಷ್ಟೆಂದು ನೋಡದೆ ಸಹಿ ಹಾಕುವವರು ವಿಮಾನದ ಟಿಕೆಟ್‌ನಲ್ಲಿ ಎರಡು ಸಾವಿರ ಉಳಿಸಲು ಮೂರು ರಾತ್ರಿ ನಿದ್ದೆಗೆಟ್ಟಿರುತ್ತಾರೆ.

ಹೆಚ್ಚು ವರ್ಷ ಇದ್ದರೆ ಹೆಚ್ಚು ಗಂಟು ಎಂಬುದಕ್ಕೂ ಕಟ್ಟೆ ಇದೆ. 2021ರ ಏಪ್ರಿಲ್‌ನಲ್ಲಿ ಮಿತಿಯನ್ನು 36 ತಿಂಗಳಿಂದ 60ಕ್ಕೆ ಏರಿಸಿದರು. ಅದೇ 3 ಲಕ್ಷ ಸಂಬಳದಲ್ಲಿ ಏಳು ವರ್ಷ ದುಡಿದು 23,05,800 ಯೆನ್ ಕಟ್ಟಿದವರಿಗೂ ಬರುವುದು ಐದು ವರ್ಷದ 16,50,000. ಅದನ್ನು ತೆಗೆದುಕೊಂಡ ಮರುಕ್ಷಣ ಪಿಂಚಣಿ ದಾಖಲೆಯಲ್ಲಿ ಏಳೂ ವರ್ಷ ಅಳಿಸಿಹೋಗುತ್ತವೆ, ಐದಲ್ಲ. ಮುಂದೆ ಮತ್ತೆ ಜಪಾನಿಗೆ ಹೋದರೆ ಸೊನ್ನೆಯಿಂದ ಶುರು.

ನಮ್ಮವರು ಕಿವಿಗೇ ಹಾಕಿಕೊಳ್ಳದ ಸಂಗತಿ ಇನ್ನೊಂದಿದೆ. ಭಾರತ-ಜಪಾನ್ ಸಾಮಾಜಿಕ ಭದ್ರತೆ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಜಪಾನಿನ ಪಿಂಚಣಿಗೆ ಬೇಕಾದ ಅರ್ಹತೆ 2017ರ ಆಗಸ್ಟ್‌ನಿಂದ 10 ವರ್ಷ, ಅದಕ್ಕೆ ಮೊದಲು 25 ಇತ್ತು. ಒಪ್ಪಂದದ ಪ್ರಕಾರ ಅಲ್ಲಿನ ನಾಲ್ಕು ವರ್ಷಕ್ಕೆ ಇಲ್ಲಿ ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್‌ನಲ್ಲಿ ಕಳೆದ ಆರು ವರ್ಷ ಕೂಡಿಸಿ ಹತ್ತು ಮಾಡಿಕೊಳ್ಳಬಹುದು. ಆಗ ಆ ನಾಲ್ಕು ವರ್ಷದ ಪಿಂಚಣಿ 65ರಿಂದ ಬದುಕಿರುವವರೆಗೆ ಯೆನ್‌ನಲ್ಲಿ ಬರುತ್ತದೆ. ಇಡಿಗಂಟು ಎತ್ತಿಕೊಂಡವರಿಗೆ ಈ ದಾರಿ ಮುಚ್ಚಿತು. ಇಪ್ಪತ್ತೈದರ ಹುಡುಗ ಎರಡು ವರ್ಷದ ಗಂಟು ಎತ್ತಿಕೊಂಡರೆ ನನ್ನ ತಕರಾರಿಲ್ಲ, ಊರಲ್ಲಿ ಸಾಲ ಇರಬಹುದು. ನಲವತ್ತು ದಾಟಿ, ಏಳೆಂಟು ವರ್ಷ ಅಲ್ಲೇ ಇದ್ದವರು “ಎಲ್ಲರೂ ತಗೋತಾರೆ” ಎಂದು ತಗೊಂಡರೆ ಮಾತ್ರ ಮೈ ಉರಿಯುತ್ತದೆ.

ತೆರಿಗೆಗೆ ಬಂದರೆ, ಇಡಿಗಂಟಿನಿಂದ ಶೇ 20.42 ಮುರಿದುಕೊಂಡೇ ಕಳಿಸುತ್ತಾರೆ. ನಮ್ಮ ಮೂರು ವರ್ಷದ ಲೆಕ್ಕದಲ್ಲಿ 2,02,158 ಯೆನ್. ಅದು ಜಪಾನ್ ಸರ್ಕಾರಕ್ಕೆ ಧರ್ಮಕ್ಕೆ ಹೋಯಿತೆಂದು ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಹೋಗಿಲ್ಲ. ಜಪಾನಿನಲ್ಲಿ ವಾಸವಿರುವ ಒಬ್ಬರನ್ನು, ಸಹೋದ್ಯೋಗಿಯಾದರೂ ಸರಿ, ತೆರಿಗೆ ಪ್ರತಿನಿಧಿಯಾಗಿ ನೇಮಿಸಿ, ಗಂಟಿನ ಜೊತೆ ಬರುವ ನಿರ್ಧಾರ ಪತ್ರದ ಮೂಲಪ್ರತಿಯನ್ನು ಅವರಿಗೆ ಕಳಿಸಿದರೆ, ಅವರು ಇದನ್ನು ನಿವೃತ್ತಿ ಆದಾಯವೆಂದು ತೋರಿಸಿ ರಿಟರ್ನ್ ಹಾಕುತ್ತಾರೆ. ಮೂರು ವರ್ಷದ ಸೇವೆಗೆ 12 ಲಕ್ಷ ಯೆನ್ ವಿನಾಯಿತಿ ಇರುವುದರಿಂದ ಪೂರ್ತಿ ವಾಪಸ್. ಐದು ವರ್ಷದವರೆಗೆ ಅವಕಾಶವಿದೆ. ಆ ಪತ್ರವನ್ನು ರದ್ದಿಗೆ ಹಾಕಿದವರಿಗೆ ಅಯ್ಯೋ ಪಾಪ ಎನ್ನಬೇಕಷ್ಟೆ.

ಉಳಿದ ವದಂತಿಗಳನ್ನು ಚುಟುಕಾಗಿ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಕಟ್ಟುವುದೇ ಬೇಡ ಎಂಬುದು ಸುಳ್ಳು. ವಿನಾಯಿತಿ ಇರುವುದು ಇಲ್ಲಿನ ಕಂಪನಿ ಕಳಿಸಿದವರಿಗೆ, ಅಲ್ಲಿನ ಶಾಲೆಯೇ ನೇಮಿಸಿಕೊಂಡವರಿಗಲ್ಲ. ಹತ್ತು ವರ್ಷ ತುಂಬಿದವರಿಗೂ ಇಡಿಗಂಟು ಸಿಗುತ್ತದೆ ಎಂಬುದೂ ಸುಳ್ಳು, ಅವರಿಗೆ ಪಿಂಚಣಿಯೇ ಗತಿ. ಯಾವಾಗ ಬೇಕಾದರೂ ಅರ್ಜಿ ಹಾಕಬಹುದೇ? ಇಲ್ಲ, ಜಪಾನಿನ ವಿಳಾಸ ತೆಗೆಸಿದ ಮೇಲೆ ಎರಡು ವರ್ಷದೊಳಗೆ.

ಇದೆಲ್ಲ ಗುಟ್ಟೇನಲ್ಲ. ಆದರೆ ನಮಗೆ ಸರ್ಕಾರದ ಕಾಗದಕ್ಕಿಂತ ವಾಟ್ಸಾಪಿನ ಧ್ವನಿಸಂದೇಶದ ಮೇಲೆ ಭರವಸೆ. ಎರಡು ನಿಮಿಷದ ಧ್ವನಿ, ಹಿಂದೆ ಕುಕ್ಕರ್ ಕೂಗಿದ ಸದ್ದು, ಕೊನೆಗೆ “ಎಲ್ರಿಗೂ ಶೇರ್ ಮಾಡಿ”. ಇಷ್ಟಿದ್ದರೆ ಎಂಜಿನಿಯರಿಂಗ್ ಓದಿದವರೂ ನಂಬುತ್ತಾರೆ. ಈ ಭರವಸೆಯ ಮೇಲೇ ಏಜೆಂಟರ ಸಂಸಾರ ನಡೆಯುತ್ತಿರುವುದು. ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಂಡು ಅವರು ತುಂಬಿಕೊಡುವ ನಮೂನೆಯನ್ನು ಜಪಾನಿನ ಪಿಂಚಣಿ ಸಂಸ್ಥೆಯೇ ಇಂಗ್ಲಿಷ್, ನೇಪಾಳಿ ಸೇರಿ ಹಲವು ಭಾಷೆಗಳಲ್ಲಿ ಬಿಟ್ಟಿಯಾಗಿ ಕೊಡುತ್ತದೆ. ಪಾಸ್‌ಪೋರ್ಟ್ ಪ್ರತಿ, ಪಿಂಚಣಿ ಸಂಖ್ಯೆ, ಬ್ಯಾಂಕಿನ ಒಂದು ಪತ್ರ ಲಗತ್ತಿಸಿ ಟೋಕಿಯೊದ ಸುಗಿನಾಮಿಯಲ್ಲಿರುವ ಕಚೇರಿಗೆ ಅಂಚೆಗೆ ಹಾಕಿದರೆ ಆಯಿತು. ಖಾತೆ ನಿಮ್ಮದೇ ಹೆಸರಲ್ಲಿರಬೇಕು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್ ಇರುವ ನಮ್ಮ ಕಡೆಯವರು ಅದನ್ನು ಅರ್ಜಿಗೆ ಮೊದಲೇ ಬ್ಯಾಂಕಿನಲ್ಲಿ ಸರಿಮಾಡಿಸಿಕೊಳ್ಳಿ.