‘ಸೋಲಾರಿಸ್’: ಅನ್ಯದ ಅರಿವು ಮತ್ತು ನೆನಪಿನ ನೈತಿಕತೆ

ವಿಜ್ಞಾನ ಕಥನವನ್ನು ಭವಿಷ್ಯದ ಯಂತ್ರಗಳ ವರ್ಣನೆಯೆಂದು ಮಾತ್ರ ಗ್ರಹಿಸಿದಾಗ ಅದರ ತಾತ್ವಿಕ ನೆಲೆ ಮರೆಯಾಗುತ್ತದೆ. ಪೋಲೆಂಡಿನ ಲೇಖಕ ಸ್ತಾನಿಸ್ವಾಫ್ ಲೆಮ್ 1961ರಲ್ಲಿ ಪ್ರಕಟಿಸಿದ ‘ಸೋಲಾರಿಸ್’ ಕಾದಂಬರಿ ಹಾಗೂ ಅದನ್ನು ಆಧರಿಸಿ ಆಂದ್ರೆ ತಾರ್ಕೋವ್‌ಸ್ಕಿ 1972ರಲ್ಲಿ ತೆರೆಗೆ ತಂದ ರಷ್ಯನ್ ಚಿತ್ರ ಈ ನೆಲೆಯ ಪರಿಶೀಲನೆಗೆ ತಕ್ಕ ಪಠ್ಯಗಳಾಗಿವೆ.

ಸೋಲಾರಿಸ್ ಗ್ರಹವನ್ನು ಆವರಿಸಿರುವ ಸಾಗರವೇ ಒಂದು ಜೀವಿ. ವಿಜ್ಞಾನಿಗಳು ತಲೆಮಾರುಗಳಿಂದ ಅದು ತಳೆಯುವ ಆಕಾರಗಳಿಗೆ ಹೆಸರಿಟ್ಟು, ವರ್ಗೀಕರಿಸಿ, ಗ್ರಂಥಾಲಯವನ್ನೇ ತುಂಬಿದ್ದಾರೆ. ಆದರೆ ಆ ಸಾಗರದ ಉದ್ದೇಶವೇನು, ಉದ್ದೇಶವೆಂಬುದು ಅದಕ್ಕೆ ಇದೆಯೇ ಎಂಬುದು ತಿಳಿಯದೆಯೇ ಉಳಿದಿದೆ. ಹೆಸರಿಸುವುದೇ ಅರಿಯುವುದಲ್ಲ ಎಂಬ ಜ್ಞಾನಮೀಮಾಂಸೆಯ ತೊಡಕನ್ನು ಲೆಮ್ ಹೀಗೆ ಕಥೆಯ ತಳಹದಿಯಾಗಿಸುತ್ತಾನೆ. ಅನ್ಯವನ್ನು ಅರಸಿ ಹೊರಟ ಮನುಷ್ಯ ವಾಸ್ತವದಲ್ಲಿ ತನ್ನ ಪ್ರತಿಬಿಂಬವನ್ನೇ ಬಯಸುತ್ತಾನೆ ಎಂಬುದು ಕಾದಂಬರಿಯ ಒಳನೋಟ.

ಸಾಗರ ಮನುಷ್ಯನಿಗೆ ಮರಳಿಸುವುದೂ ಅವನ ನೆನಪನ್ನೇ. ಸಂಶೋಧನಾ ನಿಲ್ದಾಣಕ್ಕೆ ಬಂದ ಮನೋವಿಜ್ಞಾನಿ ಕೆಲ್ವಿನ್‌ನ ಮುಂದೆ, ಹಲವು ವರ್ಷಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಸಂಗಾತಿ ಹಾರೇಯ್ ಪ್ರತ್ಯಕ್ಷಳಾಗುತ್ತಾಳೆ. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 17ನೆಯ ಶತಮಾನದಲ್ಲಿ ವ್ಯಕ್ತಿಯ ಏಕತೆಗೆ ಪ್ರಜ್ಞೆಯ ನಿರಂತರತೆಯನ್ನು ಆಧಾರವಾಗಿ ಕಂಡಿದ್ದನು. ಹಾರೇಯ್ ಈ ಮಾನದಂಡವನ್ನೇ ಸಂಕಟಕ್ಕೆ ಸಿಲುಕಿಸುತ್ತಾಳೆ. ಏಕೆಂದರೆ ಅವಳನ್ನು ರೂಪಿಸಿರುವ ನೆನಪು ಅವಳದಲ್ಲ, ಕೆಲ್ವಿನ್‌ನದು. ಅವಳು ತೊಟ್ಟ ಉಡುಪನ್ನು ಬಿಚ್ಚಲು ದಾರಿಯೇ ಇಲ್ಲ, ಕತ್ತರಿಸಬೇಕಾಗುತ್ತದೆ. ನೆನಪು ರೂಪವನ್ನು ಕಾಪಿಡುತ್ತದೆ, ಬಳಕೆಯನ್ನಲ್ಲ ಎಂಬುದಕ್ಕೆ ಈ ಸಣ್ಣ ವಿವರ ಸಾಕ್ಷಿ.

ಆದರೆ ತಾನು ಮೂಲದ ಹಾರೇಯ್ ಅಲ್ಲವೆಂದು ತಿಳಿದ ಬಳಿಕ ಅವಳು ಪಡುವ ಯಾತನೆ ಯಾರ ನೆನಪಿನಿಂದಲೂ ಎರವಲು ಬಂದುದಲ್ಲ. ದ್ರವ ಆಮ್ಲಜನಕವನ್ನು ಕುಡಿದರೂ ಅವಳಿಗೆ ಸಾವು ಒದಗುವುದಿಲ್ಲ. ಕೊನೆಗೆ ಕೆಲ್ವಿನ್‌ಗೆ ತಿಳಿಸದೆ, ವಿಜ್ಞಾನಿಗಳ ನೆರವಿನಿಂದ ತನ್ನ ಅಳಿವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಇದು ಹಿಂದಿನ ಆತ್ಮಹತ್ಯೆಯ ಪುನರಾವರ್ತನೆಯೇ? ಹಾಗೆನ್ನಲಾಗದು. ಮೊದಲನೆಯದು ತೊರೆಯಲ್ಪಟ್ಟವಳ ಹತಾಶೆ. ಎರಡನೆಯದು ಕೆಲ್ವಿನ್‌ನನ್ನು ಬಿಡುಗಡೆಗೊಳಿಸುವ ಕಾಳಜಿ. ಕ್ರಿಯೆಯ ಹೊರರೂಪ ಒಂದೇ ಆದರೂ ಪ್ರೇರಣೆ ಬೇರೆ. ಆ ವ್ಯತ್ಯಾಸದಲ್ಲಿಯೇ ಅವಳ ವ್ಯಕ್ತಿತ್ವ ಮೂಡುತ್ತದೆ.

ತಾರ್ಕೋವ್‌ಸ್ಕಿ ಭೂಮಿಯ ಮನೆ, ಕೊಳ ಮತ್ತು ತಂದೆಯನ್ನು ಮುನ್ನೆಲೆಗೆ ತಂದು ಕಥೆಯನ್ನು ಪಾಪಪ್ರಜ್ಞೆಯತ್ತ ತಿರುಗಿಸಿದನು. ಲೆಮ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಕಾದಂಬರಿಯ ಕೆಲ್ವಿನ್ ಅರಿಯಲಾಗದ ಸಾಗರದೆದುರು ಕಾಯುತ್ತ ನಿಲ್ಲುತ್ತಾನೆ. ಚಿತ್ರದ ಕೆಲ್ವಿನ್ ಸಾಗರ ಸೃಷ್ಟಿಸಿದ ದ್ವೀಪದಲ್ಲಿ ತಂದೆಯ ಮುಂದೆ ಮಂಡಿಯೂರುತ್ತಾನೆ. ಒಂದು ಅರಿವಿನ ಮಿತಿಯನ್ನು ಕುರಿತದ್ದು, ಇನ್ನೊಂದು ಕ್ಷಮೆಯನ್ನು ಕುರಿತದ್ದು. ಪೂರ್ಣವಾಗಿ ಅರಿಯಲಾಗದ ಅನ್ಯದ ಬಗೆಗೂ ಮನುಷ್ಯನಿಗೆ ಹೊಣೆಯಿದೆ ಎಂಬುದನ್ನು ಹಾರೇಯ್‌ಳ ಪಾತ್ರ ತೋರಿಸುವುದರಿಂದ, ಈ ಎರಡು ಪ್ರಶ್ನೆಗಳೂ ಅವಳಲ್ಲಿಯೇ ಸಂಧಿಸುತ್ತವೆ ಎನ್ನಬಹುದು.